ಸೇನೆಯ ಖರ್ಚಿನಲ್ಲಿ ಫಿಸಿಷಿಯನ್ ಅಸಿಸ್ಟೆಂಟ್ ಆಗಬಹುದೆ?

ಓದುಗರ ಪ್ರಶ್ನೆಗಳಿಗೆ ಮಿಲಿಟರಿ ನರ್ಸಿಂಗ್ ಸೇವೆಯ ನಿವೃತ್ತ ಅಧಿಕಾರಿಯೊಬ್ಬರ ಉತ್ತರ

ಪ್ರಶ್ನೆ: ನನ್ನ ಮಗಳು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ, ಪಿಸಿಎಂಬಿ. ಟೆಕ್ಸಾಸ್‌ನಲ್ಲಿರುವ ನನ್ನ ಅಣ್ಣ ರಜೆಗೆ ಬಂದಿದ್ದಾಗ, ‘ಅಮೆರಿಕದ ಸೇನೆಯವರೇ ಖರ್ಚು ಹಾಕಿ ಫಿಸಿಷಿಯನ್ ಅಸಿಸ್ಟೆಂಟ್ ಓದಿಸುತ್ತಾರೆ, ಓದುವಾಗಲೂ ಸಂಬಳ ಉಂಟು’ ಎಂದು ಹೇಳಿ ಹೋದ. ಅಂದಿನಿಂದ ಇವಳ ಬಾಯಲ್ಲಿ ಅದೇ ಮಾತು. ದುಡ್ಡು ಕೊಟ್ಟು ಮೆಡಿಕಲ್ ಸೀಟು ಕೊಡಿಸುವ ಶಕ್ತಿ ನಮಗಿಲ್ಲ. ಅವಳು ಈ ದಾರಿ ಹಿಡಿಯಬಹುದೆ? ನಮ್ಮ ಸೇನೆಯಲ್ಲೂ ಇಂಥದ್ದು ಉಂಟೆ? — ಒಬ್ಬ ತಾಯಿ, ಕೋಟೇಶ್ವರ

ಉತ್ತರ: ನಿಮ್ಮ ಅಣ್ಣ ಹೇಳಿದ್ದರಲ್ಲಿ ಸುಳ್ಳಿಲ್ಲ. ಫಿಸಿಷಿಯನ್ ಅಸಿಸ್ಟೆಂಟ್, ಚಿಕ್ಕದಾಗಿ ಪಿಎ, ಅಂದರೆ ಡಾಕ್ಟರ ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವವರು. ಅಲ್ಲಿನ ಭೂಸೇನೆ, ನೌಕಾಪಡೆ, ವಾಯುಪಡೆ ಎಲ್ಲ ಸೇರಿ ನಡೆಸುವ ಇಂಟರ್‌ಸರ್ವಿಸ್ ಫಿಸಿಷಿಯನ್ ಅಸಿಸ್ಟೆಂಟ್ ಪ್ರೋಗ್ರಾಂ ಎಂಬ ತರಬೇತಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿದೆ, ಫೋರ್ಟ್ ಸ್ಯಾಮ್ ಹ್ಯೂಸ್ಟನ್ ಎಂಬ ಸೇನಾ ನೆಲೆಯೊಳಗೆ. ಒಟ್ಟು 29 ತಿಂಗಳು. ಅದರಲ್ಲಿ 16 ತಿಂಗಳು ತರಗತಿ, 13 ತಿಂಗಳು ಸೇನಾ ಆಸ್ಪತ್ರೆಗಳಲ್ಲಿ ರೋಗಿಗಳ ಜೊತೆ ಕೆಲಸ. ಮುಗಿಸಿದವರಿಗೆ ಸ್ನಾತಕೋತ್ತರ ಪದವಿ ಸಿಗುತ್ತದೆ, ಅಧಿಕಾರಿ ಹುದ್ದೆಯೂ ಸಿಗುತ್ತದೆ. ಫೀಸು ಇಲ್ಲ, ಸಂಬಳ ನಿಲ್ಲುವುದಿಲ್ಲ.

ಆದರೆ ಅಲ್ಲಿ ಕೂತು ಓದುವವರು ಪಿಯುಸಿ ಮುಗಿಸಿ ನೇರ ಬಂದವರಲ್ಲ. ಹೆಚ್ಚಿನವರು ಆಗಲೇ ಸೈನಿಕರು. ಕೆಲಸ ಮಾಡುತ್ತಲೇ ಕಾಲೇಜಿನ ವಿಷಯಗಳನ್ನು ಒಂದೊಂದಾಗಿ ಪಾಸು ಮಾಡಿಕೊಂಡು, ಮೇಲಧಿಕಾರಿಗಳ ಶಿಫಾರಸು ಪಡೆದು, ಸ್ಪರ್ಧೆಯಲ್ಲಿ ಗೆದ್ದು ಬಂದವರು. ಓದು ಮುಗಿದ ಮೇಲೆ ಕರಾರಿನಷ್ಟು ವರ್ಷ ಸೇನೆಯಲ್ಲೇ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ಅಧಿಕಾರಿಯಾಗಲು ಅಮೆರಿಕದ ಪೌರತ್ವ ಬೇಕು. ಗ್ರೀನ್ ಕಾರ್ಡ್ ಇದ್ದವರು ಸೈನಿಕರಾಗಿ ಸೇರಬಹುದು, ಅಷ್ಟೇ. ವಿದ್ಯಾರ್ಥಿ ವೀಸಾದಲ್ಲಿ ಹೋದ ಹುಡುಗಿಗೆ ಆ ಬಾಗಿಲು ತೆರೆಯುವುದಿಲ್ಲ. ಸೋದರಮಾವನ ಮನೆ ಅದೇ ಊರಿನಲ್ಲಿದ್ದರೂ ಇದರಲ್ಲಿ ವ್ಯತ್ಯಾಸ ಆಗುವುದಿಲ್ಲ. ‘ಅಮೆರಿಕದ ಮಿಲಿಟರಿ ಸ್ಕಾಲರ್‌ಶಿಪ್ ಮಾಡಿಸಿಕೊಡುತ್ತೇವೆ’ ಎಂದು ಯಾರಾದರೂ ನಿಮ್ಮಿಂದ ದುಡ್ಡು ಕೇಳಿದರೆ ದಯವಿಟ್ಟು ಒಂದು ರೂಪಾಯಿಯನ್ನೂ ಕೊಡಬೇಡಿ.

ಇನ್ನೊಂದು ವಿಷಯವನ್ನೂ ಮಗಳಿಗೆ ಮೊದಲೇ ತಿಳಿಸಿ. ಇಲ್ಲಿ ಪಿಎ ಪದವಿ ಮಾಡಿ ಅಲ್ಲಿಗೆ ಹೋಗಿ ಪಿಎ ಕೆಲಸ ಮಾಡಲು ಬರುವುದಿಲ್ಲ. ಅಲ್ಲಿ ಮಾನ್ಯತೆ ಪಡೆದ ಕಾಲೇಜಿನಲ್ಲೇ ಓದಿ, ಪ್ಯಾನ್ಸ್ ಎಂಬ ಪರೀಕ್ಷೆ ಪಾಸಾಗಿ, ರಾಜ್ಯದ ಲೈಸೆನ್ಸ್ ಪಡೆಯಬೇಕು. ನಮ್ಮ ಕರಾವಳಿಯ ನರ್ಸುಗಳು ಇಲ್ಲಿನ ಪದವಿ ಹಿಡಿದು ಪರೀಕ್ಷೆ ಬರೆದು ಹೊರದೇಶಕ್ಕೆ ಹೋದ ಹಾಗಲ್ಲ ಇದು.

ಈ ವೃತ್ತಿಗೂ ಸೇನೆಗೂ ಇರುವ ನಂಟು ಹಳೆಯದು. 1965ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರ್ ಯೂಜೀನ್ ಸ್ಟೆಡ್ ಮೊದಲ ಪಿಎ ತರಗತಿ ಶುರು ಮಾಡಿದಾಗ ಸೇರಿಸಿಕೊಂಡದ್ದು ನಾಲ್ವರನ್ನು. ನಾಲ್ವರೂ ನೌಕಾಪಡೆಯಲ್ಲಿ ವೈದ್ಯಕೀಯ ಸಹಾಯಕರಾಗಿ ದುಡಿದು ಹೊರಬಂದವರು. ಗಾಯ ಕಟ್ಟುವುದು, ಜ್ವರ ನೋಡುವುದು, ರಾತ್ರಿಯಿಡೀ ರೋಗಿಯನ್ನು ಕಾಯುವುದು ಎಲ್ಲ ಬಲ್ಲವರು, ಆದರೆ ಊರಿಗೆ ಬಂದ ಮೇಲೆ ಆ ಕೈಗೆ ತಕ್ಕ ಕೆಲಸ ಇಲ್ಲ. ಡಾಕ್ಟರುಗಳ ಕೊರತೆ ಒಂದು ಕಡೆ, ಇಂಥವರು ಇನ್ನೊಂದು ಕಡೆ. ಎರಡನ್ನೂ ಸ್ಟೆಡ್ ಜೋಡಿಸಿದರು. ಸೇನೆಯಲ್ಲಿ ಇಷ್ಟು ವರ್ಷ ಇದ್ದವಳಾಗಿ ನನಗೆ ಈ ಸಂಗತಿ ಬಹಳ ದೊಡ್ಡದು ಅನ್ನಿಸುತ್ತದೆ.

ಈಗ ನಮ್ಮ ದೇಶದ ಮಾತು. ವಿದ್ಯಾರ್ಥಿವೇತನ ಕೊಟ್ಟು ಪಿಎ ಓದಿಸುವ ಯೋಜನೆ ಭಾರತೀಯ ಸೇನೆಯಲ್ಲಿ ಇಲ್ಲ. ಆದರೆ ಸೇನೆಯ ಖರ್ಚಿನಲ್ಲಿ ವೈದ್ಯಕೀಯ ಕಲಿಯುವ ಎರಡು ದಾರಿ ನಿಮ್ಮ ಮಗಳ ಮುಂದೆಯೇ ಉಂಟು. ಎರಡಕ್ಕೂ ನೀಟ್ ಬೇಕು. ಒಂದು ಪುಣೆಯ ಎಎಫ್‌ಎಂಸಿ, ಅಂದರೆ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನ ಎಂಬಿಬಿಎಸ್. ಅಲ್ಲಿ ಹೆಣ್ಣುಮಕ್ಕಳಿಗೆ ಸೀಟು ತೀರಾ ಕಡಿಮೆ, ನೀಟ್‌ನಲ್ಲಿ ಬಹಳ ಮೇಲಿನ ಅಂಕ ಬರಬೇಕು.

ಇನ್ನೊಂದು ನಾನು ಬಂದ ದಾರಿ, ಮಿಲಿಟರಿ ನರ್ಸಿಂಗ್ ಸೇವೆ (ಎಂಎನ್‌ಎಸ್). ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್, ಹೆಣ್ಣುಮಕ್ಕಳಿಗೆ ಮಾತ್ರ. ಪುಣೆ, ಮುಂಬೈ, ದೆಹಲಿ, ಲಕ್ನೋ, ಕೋಲ್ಕತ್ತ, ಬೆಂಗಳೂರು, ಈ ಆರು ಕಡೆ ಸೇನೆಯದೇ ನರ್ಸಿಂಗ್ ಕಾಲೇಜುಗಳಿವೆ. ಒಟ್ಟು 220 ಸೀಟು. ನೀಟ್ ಅಂಕದ ಮೇಲೆ ಕರೆಯುತ್ತಾರೆ. ಬಳಿಕ ಸಾಮಾನ್ಯ ಬುದ್ಧಿಮತ್ತೆ ಮತ್ತು ಇಂಗ್ಲಿಷಿನ ಪರೀಕ್ಷೆ, ಸಂದರ್ಶನ, ವೈದ್ಯಕೀಯ ತಪಾಸಣೆ. ಓದು, ಊಟ, ವಸತಿ ಎಲ್ಲ ಸೇನೆಯದು, ಜೊತೆಗೆ ಸ್ಟೈಪೆಂಡ್. ಮುಗಿದ ಮೇಲೆ ಲೆಫ್ಟಿನೆಂಟ್ ಹುದ್ದೆ. ಸೇರುವಾಗಲೇ ಬಾಂಡ್ ಬರೆದುಕೊಡಬೇಕು. ಬಿಟ್ಟು ಹೋದರೆ ದುಡ್ಡು ಕಟ್ಟಬೇಕು.

ಆ ಬಾಂಡನ್ನು ತಾಯಿ ಮಗಳು ಒಟ್ಟಿಗೆ ಕೂತು ಓದಿ. ಫೀಸು ಇಲ್ಲ ಎಂಬ ಒಂದೇ ಕಾರಣಕ್ಕೆ ಸೇರಿದ ಹುಡುಗಿಯರನ್ನು ನಾನು ನೋಡಿದ್ದೇನೆ. ಮೊದಲ ವರ್ಷದಲ್ಲೇ ಅವರ ಮುಖ ಬಾಡುತ್ತದೆ. ಅಣ್ಣನ ಮದುವೆಗೆ ರಜೆ ಸಿಗದೇ ಹೋಗಬಹುದು, ಅಷ್ಟಮಿಯ ವಿಟ್ಲಪಿಂಡಿ ಫೋನಿನಲ್ಲೇ ನೋಡಬೇಕಾಗಬಹುದು. ಎಲ್ಲಿಗೆ ಕಳಿಸುತ್ತಾರೆ ಎಂಬುದು ನಮ್ಮ ಕೈಯಲ್ಲಿಲ್ಲ.

ಅದಕ್ಕೆ ಎದುರಾಗಿ ಸಿಗುವುದು ಏನೆಂದು ನನ್ನ ಅನುಭವದಿಂದ ಹೇಳುತ್ತೇನೆ. ಲೇಹ್‌ನ ಸೇನಾ ಆಸ್ಪತ್ರೆಯಲ್ಲಿ ನಾನಿದ್ದಾಗ, ಸಮುದ್ರಮಟ್ಟದ ಊರಿನ ಹುಡುಗನೊಬ್ಬನನ್ನು ಮೇಲಿನ ಪೋಸ್ಟಿನಿಂದ ಇಳಿಸಿ ತಂದರು. ಲೇಹ್ ಪಟ್ಟಣವೇ ಸುಮಾರು 3,500 ಮೀಟರ್ ಎತ್ತರದಲ್ಲಿದೆ, ಅವನಿದ್ದದ್ದು ಅದಕ್ಕೂ ಮೇಲೆ. ಶ್ವಾಸಕೋಶದಲ್ಲಿ ನೀರು ತುಂಬಿತ್ತು, ತುಟಿ ನೀಲಿ, ಎರಡು ಮಾತಾಡಿದರೆ ಏದುಸಿರು. ಎತ್ತರದ ಜಾಗಕ್ಕೆ ಮೈ ಹೊಂದಿಕೊಳ್ಳದಿದ್ದರೆ ಹೀಗಾಗುತ್ತದೆ. ಬೇಗ ಕೆಳಗಿಳಿಸಿ ಆಮ್ಲಜನಕ ಕೊಡುವುದೇ ಮುಖ್ಯ ಚಿಕಿತ್ಸೆ. ಡಾಕ್ಟರು ನೋಡಿ, ಬರೆದು, ಮುಂದಿನ ರೋಗಿಯ ಕಡೆ ಹೋದರು. ಬೆಳಗಿನವರೆಗೆ ಅವನ ಉಸಿರು ಎಣಿಸಿದವಳು, ಬೆರಳಿಗೆ ಹಾಕಿದ ಯಂತ್ರದ ಅಂಕಿ ಇಳಿದಾಗಲೆಲ್ಲ ಮಾಸ್ಕ್ ಸರಿ ಮಾಡಿದವಳು, ಮಲಗಿದರೆ ಉಸಿರು ಕಟ್ಟುತ್ತದೆ ಎಂದು ದಿಂಬು ಒರಗಿಸಿ ಕೂರಿಸಿದವಳು ನಾನು. ಮರುದಿನ ಅವನು ಗಂಜಿ ಕೇಳಿದ. ನಿಮ್ಮ ಮಗಳಿಗೆ ಬೇಕಾದದ್ದು ಈ ಕೆಲಸವಾದರೆ, ಅಮೆರಿಕದ ಬಾಗಿಲು ಮುಚ್ಚಿದೆ ಎಂದು ಅವಳು ಅಳಬೇಕಾಗಿಲ್ಲ. ನೀಟ್ ಅರ್ಜಿ ಹಾಕಿಸಿ. ನೀಟ್ ಬರೆದ ಮೇಲೆ ಎಂಎನ್‌ಎಸ್‌ಗೆ ಪ್ರತ್ಯೇಕವಾಗಿ ಅರ್ಜಿ ಹಾಕಬೇಕು. ಇದು ಗೊತ್ತಿಲ್ಲದೆ ನಮ್ಮ ಕಡೆಯ ಎಷ್ಟೋ ಮಕ್ಕಳು ಅವಕಾಶ ಕಳೆದುಕೊಳ್ಳುತ್ತಾರೆ.

ಪ್ರಶ್ನೆ: ಮೇಡಂ, ಮಣಿಪಾಲದಲ್ಲಿ ಬಿಎಸ್ಸಿ ಪಿಎ ಉಂಟಂತೆ. ಮನೆಯಲ್ಲಿ ‘ಅದು ಡಾಕ್ಟರ ಹಿಂದೆ ಫೈಲು ಹಿಡಿಯುವ ಕೆಲಸ’ ಎನ್ನುತ್ತಾರೆ. ನಿಜವಾಗಿ ಏನು ಮಾಡಬೇಕು? ಮುಂದೆ ಡಾಕ್ಟರ್ ಆಗಬಹುದೆ? — ಪಿಯುಸಿ ವಿದ್ಯಾರ್ಥಿನಿ, ಕಾಪು

ಉತ್ತರ: ಫೈಲು ಹಿಡಿಯುವ ಕೆಲಸ ಎಂದವರನ್ನು ಒಮ್ಮೆ ಹೃದಯ ಶಸ್ತ್ರಚಿಕಿತ್ಸೆಯ ವಾರ್ಡಿಗೆ ಕರೆದುಕೊಂಡು ಹೋಗು ತಂಗಿ. ನಮ್ಮ ದೇಶದಲ್ಲಿ ಈ ಓದು ಹುಟ್ಟಿದ್ದೇ ಹೃದಯದ ವಿಭಾಗದಲ್ಲಿ. 1992ರಲ್ಲಿ ಚೆನ್ನೈಯ ಮದ್ರಾಸ್ ಮೆಡಿಕಲ್ ಮಿಷನ್‌ನಲ್ಲಿ ಹೃದಯ ಶಸ್ತ್ರಚಿಕಿತ್ಸಕ ಡಾಕ್ಟರ್ ಕೆ.ಎಂ. ಚೆರಿಯನ್ ಇದನ್ನು ಆರಂಭಿಸಿದರು. ಬೈಪಾಸ್ ಶಸ್ತ್ರಚಿಕಿತ್ಸೆಯಲ್ಲಿ ಕಾಲಿನ ರಕ್ತನಾಳ ತೆಗೆದು ಹೃದಯಕ್ಕೆ ಜೋಡಿಸುತ್ತಾರಲ್ಲ, ಸರ್ಜನ್ ಎದೆ ತೆರೆಯುತ್ತಿರುವಾಗ ಕಾಲಿನಿಂದ ಆ ನಾಳ ಬಿಡಿಸಿ ಕೊಡುವವರು ಹಲವು ಆಸ್ಪತ್ರೆಗಳಲ್ಲಿ ಪಿಎಗಳೇ. ಎಷ್ಟು ಸೂಕ್ಷ್ಮದ ಕೆಲಸ ನೋಡು. ಒಂದು ಸಣ್ಣ ಕವಲನ್ನು ಗಂಟು ಹಾಕಲು ಮರೆತರೂ ರಕ್ತ ಸೋರುತ್ತದೆ.

ನನ್ನ ಅತ್ತಿಗೆಗೆ ಬೈಪಾಸ್ ಆದಾಗ ನಾನೇ ಜೊತೆಗಿದ್ದೆ. ಬೆಳಿಗ್ಗೆ ಮೊದಲು ಬಂದು ಹಿಂದಿನ ರಾತ್ರಿಯ ಮೂತ್ರದ ಅಳತೆ, ಎದೆಗೆ ಹಾಕಿದ ಡ್ರೈನ್ ಕೊಳವೆಯಲ್ಲಿ ಬಂದ ರಕ್ತ, ಪೊಟ್ಯಾಸಿಯಂ ರಿಪೋರ್ಟು ನೋಡಿ ಬರೆದಿಟ್ಟವಳು ಒಬ್ಬ ಪಿಎ ಹುಡುಗಿ. ಸರ್ಜನ್ ರೌಂಡ್ಸಿಗೆ ಬಂದಾಗ ಎಲ್ಲ ಅವಳ ಬಾಯಲ್ಲಿತ್ತು. ಅತ್ತಿಗೆಗೆ ಓದು ಬಾರದು, ತುಳು ಬಿಟ್ಟರೆ ಬೇರೆ ಭಾಷೆ ಕಷ್ಟ. ಮನೆಗೆ ಹೋದ ಮೇಲೆ ಯಾವ ಮಾತ್ರೆ ಯಾವಾಗ, ಎದೆಯ ಹೊಲಿಗೆ ಕೆಂಪಾದರೆ ಏನು ಮಾಡಬೇಕು, ಎಷ್ಟು ದಿನ ಬಾವಿಯಿಂದ ನೀರು ಸೇದಬಾರದು ಎಂದು ಪಕ್ಕದಲ್ಲಿ ಕೂತು ತುಳುವಿನಲ್ಲೇ ಹೇಳಿದಳು. ಅತ್ತಿಗೆ ಈಗಲೂ ಆ ಹುಡುಗಿಯನ್ನು ನೆನೆಯುತ್ತಾರೆ.

ಕೋರ್ಸು ನಾಲ್ಕು ವರ್ಷದ್ದು, ಕೊನೆಯ ವರ್ಷ ಇಂಟರ್ನ್‌ಶಿಪ್. ಅಂಗರಚನೆ, ಶರೀರಕ್ರಿಯೆ, ಔಷಧಶಾಸ್ತ್ರ, ಮೆಡಿಸಿನ್, ಸರ್ಜರಿ ಎಲ್ಲ ಓದಬೇಕು. ಬಳಿಕ ಡಾಕ್ಟರ ಮೇಲ್ವಿಚಾರಣೆಯಲ್ಲೇ ಕೆಲಸ. ಸ್ವಂತ ಕ್ಲಿನಿಕ್ ತೆರೆಯುವಂತಿಲ್ಲ, ಸ್ವತಂತ್ರವಾಗಿ ಔಷಧಿ ಚೀಟಿ ಬರೆಯುವಂತಿಲ್ಲ. ಪಿಎಯಿಂದ ಎಂಬಿಬಿಎಸ್‌ಗೆ ಅಡ್ಡದಾರಿ ಇಲ್ಲ, ಡಾಕ್ಟರ್ ಆಗಬೇಕಾದರೆ ನೀಟ್ ಬರೆದು ಮೊದಲಿನಿಂದಲೇ ಶುರು ಮಾಡಬೇಕು. ಹಾಗಾಗಿ ಡಾಕ್ಟರ್ ಸೀಟು ಸಿಗಲಿಲ್ಲ ಎಂಬ ಬೇಸರದಲ್ಲಿ ಇದಕ್ಕೆ ಸೇರಬೇಡ. ಕೊನೆಯ ತೀರ್ಮಾನ ಇನ್ನೊಬ್ಬರದ್ದಾಗಿರುವ ಜಾಗದಲ್ಲಿ ನಿಷ್ಠೆಯಿಂದ ದುಡಿಯುವ ಮನಸ್ಸಿದ್ದರೆ ಸೇರು.

2021ರಲ್ಲಿ ಬಂದ ಕೇಂದ್ರದ ಕಾಯ್ದೆ ಅಲೈಡ್ ಹೆಲ್ತ್, ಅಂದರೆ ಡಾಕ್ಟರ ಜೊತೆಗೆ ದುಡಿಯುವ ಇತರ ಆರೋಗ್ಯ ವೃತ್ತಿಗಳನ್ನೆಲ್ಲ ಒಂದು ರಾಷ್ಟ್ರೀಯ ಆಯೋಗದ ಕೆಳಗೆ ತಂದಿದೆ, ಪಿಎ ಕೂಡ ಅದರ ಪಟ್ಟಿಯಲ್ಲಿದೆ. ಮಣಿಪಾಲವೇ ಆಗಲಿ, ಮಂಗಳೂರಿನ ಬೇರೆ ಕಾಲೇಜೇ ಆಗಲಿ, ಸೇರುವ ಮೊದಲು ಎರಡು ವಿಷಯ ಕೇಳು: ಇಂಟರ್ನ್‌ಶಿಪ್ ಸ್ವಂತ ಆಸ್ಪತ್ರೆಯಲ್ಲೋ ಹೊರಗೋ, ಹಿಂದಿನ ಬ್ಯಾಚಿನವರು ಈಗ ಎಲ್ಲಿ ಯಾವ ಸಂಬಳಕ್ಕೆ ಇದ್ದಾರೆ. ಎರಡನೆಯದನ್ನು ಕಾಲೇಜಿನ ಕಚೇರಿಯಲ್ಲಲ್ಲ, ಆ ಬ್ಯಾಚಿನವರಲ್ಲೇ ಕೇಳು.

ಪ್ರಶ್ನೆ: ನಾನು ಮದ್ರಾಸ್ ರೆಜಿಮೆಂಟಿನಿಂದ ಹವಿಲ್ದಾರ್ ಆಗಿ ನಿವೃತ್ತ. ಮಗಳು ಈ ವರ್ಷ ಪ್ಯಾರಾಮೆಡಿಕಲ್ ಪದವಿಗೆ ಸೇರುತ್ತಾಳೆ. ಮಾಜಿ ಸೈನಿಕರ ಮಕ್ಕಳಿಗೆ ಏನಾದರೂ ನೆರವು ಉಂಟೆ? — ಕಾರ್ಕಳ

ಉತ್ತರ: ಉಂಟು ಹವಿಲ್ದಾರ್ ಸಾಹೇಬರೆ, ನಿಮ್ಮ ಸೇವೆಗೆ ಸಲ್ಲಬೇಕಾದದ್ದು ಅದು. ಕೇಂದ್ರೀಯ ಸೈನಿಕ ಮಂಡಳಿಯ ಮೂಲಕ ಬರುವ ಪ್ರಧಾನಮಂತ್ರಿ ವಿದ್ಯಾರ್ಥಿವೇತನದಲ್ಲಿ ಹೆಣ್ಣುಮಕ್ಕಳಿಗೆ ತಿಂಗಳಿಗೆ 3,000 ರೂಪಾಯಿ, ಗಂಡುಮಕ್ಕಳಿಗೆ 2,500. ವರ್ಷದ್ದು ಒಟ್ಟಿಗೆ ಖಾತೆಗೆ ಬೀಳುತ್ತದೆ, ಅಂದರೆ ನಿಮ್ಮ ಮಗಳಿಗೆ 36,000. ಪಿಯುಸಿಯಲ್ಲಿ ಶೇಕಡಾ 60 ಅಂಕ ಬೇಕು. ಮೊದಲ ವರ್ಷಕ್ಕೆ ಸೇರಿದ ಕೂಡಲೇ ಆನ್‌ಲೈನ್ ಅರ್ಜಿ ಹಾಕಬೇಕು. ಎರಡನೇ ವರ್ಷದಲ್ಲಿ ನೆನಪಾಗಿ ಹೋದರೆ ಹೊಸ ಅರ್ಜಿ ತೆಗೆದುಕೊಳ್ಳುವುದಿಲ್ಲ. ಒಮ್ಮೆ ಸಿಕ್ಕಿದ ಮೇಲೆ ವರ್ಷವರ್ಷವೂ ಪಾಸಾಗಿ ನವೀಕರಿಸಬೇಕು.

ಫೀಸು ಕಟ್ಟುವ ಮೊದಲು ಮಂಡಳಿಯ ಜಾಲತಾಣದಲ್ಲಿರುವ ಕೋರ್ಸುಗಳ ಪಟ್ಟಿಯಲ್ಲಿ ಮಗಳ ಪದವಿಯ ಹೆಸರು ಇದೆಯೇ ಎಂದು ನೋಡಿ. ನಿಮ್ಮ ಡಿಸ್ಚಾರ್ಜ್ ಬುಕ್‌ನಲ್ಲಿ ಮಗಳ ಹೆಸರು, ಹುಟ್ಟಿದ ದಿನಾಂಕ ಅಂಕಪಟ್ಟಿಯಲ್ಲಿ ಇದ್ದಂತೆಯೇ ಇರಬೇಕು. ನಮ್ಮ ಕಡೆ ಮನೆತನದ ಹೆಸರು ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದೆ ಎಷ್ಟೋ ಅರ್ಜಿ ವಾಪಸು ಬರುತ್ತದೆ. ವ್ಯತ್ಯಾಸ ಇದ್ದರೆ ಈಗಲೇ ರೆಕಾರ್ಡ್ಸ್ ಆಫೀಸಿಗೆ ಬರೆಯಿರಿ, ತಿದ್ದುಪಡಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ಮೂಲ ದಾಖಲೆಗಳನ್ನೇ ತೆಗೆದುಕೊಂಡು ಹೋಗಿ.

ಪ್ರಶ್ನೆ: ಪಿಯುಸಿ ವಿಜ್ಞಾನ ಆಗಿದೆ, ಸೇನೆಗೆ ಸೇರುವ ಆಸೆ, ಆಸ್ಪತ್ರೆ ಕೆಲಸವೂ ಇಷ್ಟ. ಹುಡುಗರಿಗೆ ಏನು ದಾರಿ? — ಬೆಳ್ತಂಗಡಿ

ಉತ್ತರ: ಸೋಲ್ಜರ್ ಟೆಕ್ನಿಕಲ್ ನರ್ಸಿಂಗ್ ಅಸಿಸ್ಟೆಂಟ್ ಎಂಬ ಹುದ್ದೆಯನ್ನು ನೋಡು ತಮ್ಮಾ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಇರಬೇಕು. ಒಟ್ಟು ಶೇಕಡಾ 50, ಪ್ರತಿ ವಿಷಯದಲ್ಲಿ ಕನಿಷ್ಠ 40. ಮೊದಲು ಆನ್‌ಲೈನ್ ಪರೀಕ್ಷೆ, ಅದರಲ್ಲಿ ಬಂದವರಿಗೆ ರ‍್ಯಾಲಿ, 1.6 ಕಿಲೋಮೀಟರ್ ಓಟ, ವೈದ್ಯಕೀಯ ತಪಾಸಣೆ. ನಮ್ಮ ಜಿಲ್ಲೆಯವರಿಗೆ ಮಂಗಳೂರಿನ ಸೇನಾ ನೇಮಕಾತಿ ಕಚೇರಿ. ಆಯ್ಕೆಯಾದರೆ ತರಬೇತಿ ಲಕ್ನೋದ ಆರ್ಮಿ ಮೆಡಿಕಲ್ ಕೋರ್ ಸೆಂಟರಿನಲ್ಲಿ.

ನಾನು ಕಂಡ ನರ್ಸಿಂಗ್ ಅಸಿಸ್ಟೆಂಟರ ಬಗ್ಗೆ ನನಗಿರುವ ಗೌರವವನ್ನು ಇಷ್ಟು ಜಾಗದಲ್ಲಿ ಬರೆಯಲಾಗದು. ಡಾಕ್ಟರು ಇರದ ಪೋಸ್ಟಿನಲ್ಲಿ ಗಾಯಾಳುವಿನ ರಕ್ತ ನಿಲ್ಲಿಸಿ ಆಸ್ಪತ್ರೆ ಮುಟ್ಟುವವರೆಗೆ ಜೀವ ಹಿಡಿದಿಡುವವರು ಅವರೇ. ಸೇವೆಯಲ್ಲಿ ಮೇಲೆ ಬಂದವರಿಗೆ ಅದೇ ಕೋರ್‌ನ ನಾನ್ ಟೆಕ್ನಿಕಲ್ ವಿಭಾಗದಲ್ಲಿ ಅಧಿಕಾರಿಯಾಗುವ ಅವಕಾಶವೂ ಉಂಟು. ಈಗಿನಿಂದಲೇ ಬೆಳಿಗ್ಗೆ ಓಡಲು ಶುರು ಮಾಡು, ಜೀವಶಾಸ್ತ್ರದ ಪುಸ್ತಕ ಕಟ್ಟಿಡಬೇಡ. ಲಿಖಿತ ಪರೀಕ್ಷೆಯಲ್ಲಿ ಅದರಿಂದಲೂ ಪ್ರಶ್ನೆ ಬರುತ್ತದೆ. ಹಲ್ಲಿನಲ್ಲಿ ಹುಳುಕು, ಕಿವಿಯಲ್ಲಿ ಗುಗ್ಗೆ ಇದ್ದರೆ ರ‍್ಯಾಲಿಗೆ ಮೊದಲೇ ಊರಿನ ಡಾಕ್ಟರಲ್ಲಿ ಸರಿಮಾಡಿಸಿಕೊ.