ವಿಲಿಯಮ್ಸ್‌ಬರ್ಗ್‌ನಲ್ಲಿ ಇಂಗ್ಲಿಷ್ ಬಾರದ ಅಮ್ಮನಿಗೂ ಟಿಕೆಟ್ ತೆಗೆಸಬೇಕಾ?

ತೆಗೆಸಿ. ಇದೇ ಲೆಕ್ಕ ನಾನೂ ಹಾಕಿದ್ದೆ. ಅಮೆರಿಕದ ವರ್ಜೀನಿಯಾದ ಈ ಊರಿನ ಹಳೇ ಭಾಗವನ್ನು ಬ್ರಿಟಿಷರ ಕಾಲದಲ್ಲಿ ಇದ್ದ ಹಾಗೆ ಮ್ಯೂಸಿಯಂ ಥರ ಇಟ್ಟಿದ್ದಾರೆ. ಅಲ್ಲಿ ಬೀದಿಯಲ್ಲಿ ಓಡಾಡಲು ದುಡ್ಡು ಕೊಡಬೇಕಾಗಿಲ್ಲ, ಹಳೇ ಮನೆಗಳ ಒಳಗೆ ಹೋಗಲು ಮಾತ್ರ ಟಿಕೆಟ್. ಅಮ್ಮನಿಗೆ ಭಾಷೆ ಬರಲ್ಲ, ವರ್ಜೀನಿಯಾದ ಚರಿತ್ರೆ ಕಟ್ಟಿಕೊಂಡು ಅವರಿಗೇನು, ಸುಮ್ನೆ ದಂಡ ಅಂದುಕೊಂಡು ನನಗೂ ಹೆಂಡತಿಗೂ ಸೇರಿ ಎರಡೇ ತಗೊಂಡೆ. ಅಮ್ಮನನ್ನು ಡ್ಯೂಕ್ ಆಫ್ ಗ್ಲೌಸ್ಟರ್ ಬೀದಿಯ ಮರದಡಿ ಬೆಂಚಿನಲ್ಲಿ ಕೂರಿಸಿದೆವು. “ನೀವು ಹೋಗಿ ಬನ್ನಿ, ನಾನು ಕುದುರೆಗಾಡಿ ನೋಡ್ತಾ ಕೂತಿರ್ತೇನೆ” ಅಂದರು. ಅಮ್ಮಂದಿರು ಹಾಗೆ ಹೇಳಿದರೆ ನಂಬಬಾರದು ಅಂತ ನಲವತ್ತು ವರ್ಷವಾದರೂ ನನಗೆ ಗೊತ್ತಾಗಿರಲಿಲ್ಲ.

ಅರ್ಧ ದಿನ ಗವರ್ನರ್ ಅರಮನೆಯಲ್ಲೇ ಹೋಯಿತು. ಬಾಗಿಲು ದಾಟಿದರೆ ಗೋಡೆ ತುಂಬ ಕತ್ತಿ, ಬಂದೂಕು. ನೋಡಲು ಚೆಂದ. ಆದರೆ ಅಸಲು ಕಟ್ಟಡ 1781ರಲ್ಲೇ ಸುಟ್ಟುಹೋಗಿದೆ, ಈಗಿರುವುದು 1930ರ ದಶಕದಲ್ಲಿ ಕಟ್ಟಿದ್ದು. ನನ್ನ ಕೇಳಿದರೆ ಅದನ್ನು ಕೊನೆಗಿಟ್ಟುಕೊಳ್ಳಿ.

ಪೇಟನ್ ರ‍್ಯಾಂಡಾಲ್ಫ್ ಅವರ ಕೆಂಪು ಬಣ್ಣದ ಮರದ ಮನೆಗೆ ಹೋಗುವಾಗ ನಾಲ್ಕು ಗಂಟೆ ದಾಟಿತ್ತು. ಬ್ರಿಟಿಷರ ಕೈಕೆಳಗಿದ್ದ ಅಮೆರಿಕದ ವಸಾಹತುಗಳು ಒಟ್ಟು ಸೇರಿ ನಡೆಸಿದ ಸಭೆ, ಅಂದರೆ 1774ರ ಮೊದಲ ಕಾಂಟಿನೆಂಟಲ್ ಕಾಂಗ್ರೆಸ್‌ಗೆ ಅಧ್ಯಕ್ಷರಾಗಿದ್ದವರು. ಮನೆ ಹಳೆಯದೇ. ಹಿಂದಿನ ಅಡುಗೆಮನೆ ಮಾತ್ರ ಮತ್ತೆ ಕಟ್ಟಿದ್ದು, ಆದರೆ ಬೆಂಕಿ ಅಸಲಿ. ಹಳೇ ಕಾಲದ ಉಡುಪಿನ ಒಬ್ಬ ಹೆಂಗಸು ದೊಡ್ಡ ಒಲೆಯಿಂದ ಕೆಂಡ ಎಳೆದು, ಅದರ ಮೇಲೆ ಮೂರು ಕಾಲಿನ ಕಬ್ಬಿಣದ ಪಾತ್ರೆ ಇಟ್ಟು, ಮುಚ್ಚಳದ ಮೇಲೂ ಕೆಂಡ ಸುರಿಯುತ್ತಿದ್ದಳು. ಅರ್ಧ ನಿಮಿಷ ವಿಡಿಯೋ ಮಾಡಿಕೊಂಡು ಹೊರಟೆ.

ಕಾರಿನಲ್ಲಿ ಅದನ್ನು ಅಮ್ಮನಿಗೆ ತೋರಿಸಿದೆ. ಮೂರು ಸಲ ನೋಡಿದರು. “ಇದು ನಮ್ಮ ಗೆಂಡದಡ್ಯೆ ಮಾಡುವ ಕ್ರಮವೇ ಅಲ್ವಾ ಮಾರಾಯ!” ನಮ್ಮದು ಪುತ್ತೂರು ಕಡೆ. ಸೌತೆಕಾಯಿ, ಅಕ್ಕಿ, ಬೆಲ್ಲ ರುಬ್ಬಿ, ಬಾಳೆಲೆ ಹಾಸಿದ ಪಾತ್ರೆಗೆ ಸುರಿದು, ಕೆಳಗೂ ಮೇಲೂ ಕೆಂಡ ಇಟ್ಟು ಬೇಯಿಸುತ್ತಾರೆ. ಅಮ್ಮ ಮದುವೆಯಾಗಿ ಬಂದ ಮೇಲೆ ಎಷ್ಟು ವರ್ಷ ಮಾಡಿದ್ದರೋ. ಶುರುವಾಯಿತು ಪ್ರಶ್ನೆ. ಕೆಳಗೆ ಕೆಂಡ ಕಮ್ಮಿ ಇಟ್ಟಳಾ? ಅಡಿ ಹಿಡೀಲಿಲ್ವಾ? ಎಂತ ಕಟ್ಟಿಗೆ? ಬೆಂದದ್ದು ಹೇಗೆ ಗೊತ್ತಾಗ್ತದೆ ಅವಳಿಗೆ?

ನನಗೆ ಒಂದೂ ಗೊತ್ತಿರಲಿಲ್ಲ. ಮರ್ಯಾದೆ ಉಳಿಸಿಕೊಳ್ಳಲು ರ‍್ಯಾಂಡಾಲ್ಫ್ ಕಥೆ ಹೇಳಿದೆ, ಆ ಮನೆಯಲ್ಲಿ 27 ಜನ ಗುಲಾಮರಿದ್ದರು ಅಂತಲೂ ಹೇಳಿದೆ. “ಹಾಗಾದ್ರೆ ಅಡುಗೆ ಮಾಡ್ತಿದ್ದವಳ ಹೆಸರೆಂತ?” ಅಂದರು. ಅದನ್ನೂ ನಾನು ಕೇಳಿರಲಿಲ್ಲ. ವಾಪಸ್ ಹೋಗೋಣ ಅಂದರೆ ಐದು ಗಂಟೆಗೆ ಬಾಗಿಲು ಹಾಕಿಯಾಗಿತ್ತು.

ಟಿಕೆಟ್ ಉಳಿಸಿದ್ದು ತಪ್ಪು ಅಂತ ಜನ ಅಂದುಕೊಳ್ಳಬಹುದು. ಅಷ್ಟೇ ಅಲ್ಲ. ಆ ಒಲೆ ಮುಂದೆ ನಿಂತವರಲ್ಲಿ ಕೆಂಡದ ಅಡುಗೆ ಗೊತ್ತಿದ್ದವರು ಎಷ್ಟು ಜನ? ಗೊತ್ತಿದ್ದ ಒಬ್ಬರನ್ನು ನಾನು ಬೆಂಚಿನ ಮೇಲೆ ಕೂರಿಸಿ ಬಂದಿದ್ದೆ. ಏನೂ ಗೊತ್ತಾಗದವನು ನಾನು, ಟಿಕೆಟ್ ಇದ್ದದ್ದು ನನ್ನ ಕೈಯಲ್ಲಿ. ನೀವು ಕೇಳಿದ್ದೇ ಉಲ್ಟಾ ಆಯ್ತು: ಇಂಗ್ಲಿಷ್ ಬೇಕಾಗುವುದು ಅರಮನೆಯಲ್ಲಿ, ಅಡುಗೆಮನೆಯಲ್ಲಿ ಅಲ್ಲ.

ಎಲ್ಲ ಕಡೆ ದಿನಾ ಒಲೆ ಹಚ್ಚುವುದಿಲ್ಲ. ಯಾವ ಅಡುಗೆಮನೆಯಲ್ಲಿ ಬೆಂಕಿ ಇದೆ ಅಂತ ಬೆಳಿಗ್ಗೆಯೇ ವಿಚಾರಿಸಿ, ಮೊದಲು ಅಲ್ಲಿಗೇ ಕರೆದುಕೊಂಡು ಹೋಗಿ. ಅಮ್ಮ ಕೇಳಿದ್ದನ್ನು ಇದ್ದ ಹಾಗೆ ಇಂಗ್ಲಿಷಿನಲ್ಲಿ ಹೇಳಿ, ನಿಮ್ಮ ಬುದ್ಧಿ ಸೇರಿಸಬೇಡಿ. ದೂರ ನಡೆಯಬೇಕು, ಸೀರೆ ಜೊತೆ ಶೂ ಹಾಕಿಸಿ.

ನಮ್ಮಮ್ಮನಿಗೆ ಈಗ ಮಂಡಿ ನೋವು, ಇನ್ನು ವಿಮಾನ ಬೇಡ ಅಂತಾರೆ. ನೀವು ಹೋದರೆ ಕೆಳಗೆ ಎಷ್ಟು ಕೆಂಡ ಇಡ್ತಾರೆ ನೋಡಿ ಇಲ್ಲೇ ಬರೆಯಿರಿ. ಫೋನ್ ಮಾಡಿ ಹೇಳ್ತೇನೆ.