ಅಪ್ಪ 27ನೇ ವಯಸ್ಸಿಗೇ ಸೈಟ್ ಮಾಡಿದ್ದರು. ನಾನು ಪರ್ಸನಲ್ ಲೋನ್ ಎತ್ತಿ ರೆವಿನ್ಯೂ ಸೈಟ್ ತೆಗೆದುಕೊಳ್ಳಲೇ?

ನಿಮ್ಮ ಪ್ರಶ್ನೆ ಓದಿದೆ: 26,000 ಸಂಬಳ, ಕಾಂಟ್ರಾಕ್ಟ್ ಕೆಲಸ, ಮನೆಯಲ್ಲಿ ಅಪ್ಪನ ಮಾತು, ಆಗಲೇ ಕೊಟ್ಟ 10,000 ಟೋಕನ್. 2017ರಲ್ಲಿ ನಾನೂ ಹೀಗೇ ಇದ್ದೆ. ಕೃಷಿ ಜಮೀನನ್ನು ಸರಿಯಾದ ಅನುಮತಿ ಇಲ್ಲದೆ ಸೈಟ್ ಮಾಡಿ ಮಾರೋದೇ ರೆವಿನ್ಯೂ ಸೈಟ್. ತೆಗೆದುಕೊಳ್ಳಬೇಡಿ.

ನಮ್ಮದು ತುಮಕೂರು. ಅಪ್ಪ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿದ್ದರು. 1989ರಲ್ಲಿ ಉಪ್ಪಾರಹಳ್ಳಿ ಕಡೆ 30x40 ಅಡಿಯ ಒಂದು ಸೈಟ್ ಕೊಂಡರು. ಅದರ ಬೆಲೆ ಅವರ ಒಂದು ವರ್ಷದ ಸಂಬಳಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಕೈಯಲ್ಲಿದ್ದುದು ಸಾಲದೆ ಬಂದಾಗ ಸೊಸೈಟಿಯಲ್ಲಿ ಕಡಿಮೆ ಬಡ್ಡಿಗೆ ಸಾಲ ಸಿಕ್ಕಿತು. ನಾನು ಡಿಪ್ಲೊಮಾ ಮುಗಿಸಿ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕೆ ಸೇರಿದೆ. 22,000 ಸಂಬಳ, 11 ತಿಂಗಳಿಗೊಮ್ಮೆ ಹೊಸ ಕಾಂಟ್ರಾಕ್ಟ್. ನೆಂಟರು "ಮಗ ಏನಾದ್ರೂ ಆಸ್ತಿ ಮಾಡಿದ್ನಾ?" ಅಂದಾಗ ಅಪ್ಪ ಸುಮ್ಮನಾಗುತ್ತಿದ್ದರು. ಅದು ನನ್ನನ್ನು ತುಂಬಾ ಕೊರೆಯುತ್ತಿತ್ತು.

ಅಮ್ಮನ ಚಿಕ್ಕಪ್ಪನ ಮಗ, ನಾನು ಮಾವ ಅಂತಲೇ ಕರೆಯೋದು, ಕುಣಿಗಲ್ ರಸ್ತೆಯಲ್ಲಿ ಒಂದು ಲೇಔಟ್ ತೋರಿಸಿದರು. ಐದೂವರೆ ಲಕ್ಷ. ಅಂದರೆ ನನ್ನ 25 ತಿಂಗಳ ಸಂಬಳ, ಅದೂ ಊರಿಂದ ಅಷ್ಟು ದೂರಕ್ಕೆ. ಹೋಮ್ ಲೋನ್ ಕೇಳೋಣ ಅಂತ ಬ್ಯಾಂಕಿಗೆ ಹೋದೆ. ಮ್ಯಾನೇಜರ್ ಕಾಗದ ನೋಡಿ ಐದೇ ನಿಮಿಷದಲ್ಲಿ "ಇದಕ್ಕೆ ಆಗಲ್ಲ" ಅಂದರು.

ನಾನು ತಪ್ಪಿದ್ದು ಇಲ್ಲಿ. ಇದನ್ನು ಬಿಡಿಸಿ ಹೇಳುತ್ತೇನೆ, ದಯವಿಟ್ಟು ನಿಧಾನವಾಗಿ ಓದಿ. ಬ್ಯಾಂಕು ಇಲ್ಲ ಅಂದಿದ್ದನ್ನು ನಾನು ದಾರಿಗೆ ಅಡ್ಡ ಬಂದ ಕಲ್ಲು ಅಂದುಕೊಂಡೆ. ನಿಜವಾಗಿ ಅದು ನನಗೆ ಪುಕ್ಕಟೆಯಾಗಿ ಸಿಕ್ಕ ವಕೀಲರ ಅಭಿಪ್ರಾಯ. ಆ ಜಮೀನಿಗೆ ಡಿಸಿ ಕನ್ವರ್ಷನ್ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸಲು ಜಿಲ್ಲಾಧಿಕಾರಿ ಕೊಡುವ ಆದೇಶ) ಆಗಿರಲಿಲ್ಲ, ನಗರಾಭಿವೃದ್ಧಿ ಪ್ರಾಧಿಕಾರದಿಂದ ಲೇಔಟ್ ನಕ್ಷೆಗೆ ಮಂಜೂರಾತಿ ಇರಲಿಲ್ಲ. ಪಹಣಿ ಇನ್ನೂ ರೈತರ ಹೆಸರಲ್ಲೇ ಇತ್ತು. ಮಾವ ಇಸಿ (ಋಣಭಾರ ಪತ್ರ) ತೋರಿಸಿ "ನೋಡು, ಕ್ಲಿಯರ್ ಇದೆ" ಅಂದರು. ಇಸಿಯಲ್ಲಿ ಕಾಣೋದು ನೋಂದಣಿಯಾದ ವ್ಯವಹಾರ ಮಾತ್ರ. ಸೈಟ್ ಕಾನೂನುಬದ್ಧವೋ ಅಲ್ಲವೋ ಅನ್ನೋದು ಅದರಲ್ಲಿ ಗೊತ್ತಾಗಲ್ಲ. ನನಗೆ ಕೊಟ್ಟಿದ್ದು ಕ್ರಯಪತ್ರವೂ ಅಲ್ಲ, ಅಗ್ರಿಮೆಂಟ್ ಮತ್ತು ಜಿಪಿಎ, ಅಂದರೆ ಮಾಲೀಕರ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರ ಪತ್ರ. ಜಿಪಿಎ ಮೇಲೆ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿತ್ತು. ನಾನು ಯಾರನ್ನೂ ಕೇಳಲಿಲ್ಲ. ಮಾವನ ಮೇಲೆ ಅನುಮಾನ ಪಟ್ಟಂತಾಗುತ್ತೆ ಅಂತ ಸಂಕೋಚ.

ಹೋಮ್ ಲೋನ್ ಇಲ್ಲವಾದ್ದರಿಂದ ಪರ್ಸನಲ್ ಲೋನ್ 4 ಲಕ್ಷ ಎತ್ತಿದೆ. ಶೇಕಡಾ 15 ಬಡ್ಡಿ, 5 ವರ್ಷ, ತಿಂಗಳಿಗೆ 9,500 ಕಂತು. ಉಳಿದ ಒಂದೂವರೆ ಲಕ್ಷಕ್ಕೆ ಅಮ್ಮನ ಎರಡೆಳೆ ಸರ ಅಡ ಇಟ್ಟೆ. 2020ರ ಲಾಕ್‌ಡೌನ್‌ನಲ್ಲಿ ಕಾಂಟ್ರಾಕ್ಟ್ ಮುಂದುವರಿಯಲಿಲ್ಲ. ಆರ್‌ಬಿಐ ಆಗಸ್ಟ್‌ವರೆಗೆ ಕಂತು ಮುಂದೂಡಲು ಬಿಟ್ಟಿತು, ಆದರೆ ಬಡ್ಡಿ ಬೆಳೆಯುತ್ತಲೇ ಇತ್ತು. ಸೈಟ್ ಮಾರೋಣ ಅಂದರೆ ಕೊಳ್ಳೋಕೆ ಬಂದವರೆಲ್ಲ ಕಾಗದ ನೋಡಿ ವಾಪಸ್ ಹೋದರು. ಅವರಿಗೂ ಲೋನ್ ಸಿಗಲ್ಲ ಅಲ್ವಾ? 2021ರಲ್ಲಿ ಸರ ಹರಾಜಾಯಿತು. ಅದು ಅಮ್ಮನಿಗೆ ತವರಿನವರು ಹಾಕಿದ್ದು. ಅವತ್ತು ಅಮ್ಮ ಒಂದು ಮಾತೂ ಆಡಲಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ನಾನು ಒಪ್ಪದ ಮಾತೊಂದಿದೆ. "ಅಪ್ಪನ ಕೈಲಾಗಿದ್ದು ನನ್ನ ಕೈಲಿ ಆಗ್ತಿಲ್ಲ" ಅಂತ ಬರೆದಿದ್ದೀರಿ. ಅಪ್ಪಂದಿರ ಕಾಲದಲ್ಲಿ ಮೊದಲು ಕಾಯಂ ಕೆಲಸ ಬಂತು, ಆಮೇಲೆ ಸೈಟ್. ಸಾಲ ತೀರುವವರೆಗೂ ಸಂಬಳ ಬರುತ್ತೆ ಅನ್ನೋ ಧೈರ್ಯ ಇತ್ತು. ನಮ್ಮಪ್ಪನ ಫ್ಯಾಕ್ಟರಿ ಮುಚ್ಚೋಕೆ ಕೇಂದ್ರ ಸಂಪುಟ ಒಪ್ಪಿದ್ದು 2016ರಲ್ಲಿ, ಈಗ ಆ ಜಾಗ ಇಸ್ರೋ ಕೈಯಲ್ಲಿದೆ. ಆದರೆ ಅಷ್ಟು ಹೊತ್ತಿಗೆ ಅವರ ಮನೆ ಕಟ್ಟಿ ಎಷ್ಟೋ ವರ್ಷವಾಗಿತ್ತು. ನಮಗೆ ಮುಂದಿನ ವರ್ಷದ ಕೆಲಸವೇ ಖಾತ್ರಿ ಇಲ್ಲ. ಅವರು ಉಳಿಸಿದರು, ನಾವು ಹಾಳುಮಾಡಿದೆವು ಅನ್ನೋದು ಸುಳ್ಳು.

ಸ್ವಂತ ಮನೆ ಇದೆ ಅಂತಲೂ ಬರೆದಿದ್ದೀರಿ. ಹಾಗಾದರೆ ಈ ಅವಸರ ಯಾಕೆ? ಮೊದಲು ಆರು ತಿಂಗಳ ಖರ್ಚನ್ನು ಬ್ಯಾಂಕಿನಲ್ಲಿಡಿ. ಸಂಬಳ ಏರುವ ಕೆಲಸ ಕಲಿಯಿರಿ. ನಾನು ಸಾಲ ತೀರಿಸಿದ್ದೇ ವಿಎಂಸಿ (ಕಂಪ್ಯೂಟರ್‌ನಿಂದ ನಡೆಯುವ, ಲೋಹ ಕೊರೆಯುವ ಯಂತ್ರ) ಪ್ರೋಗ್ರಾಮಿಂಗ್ ಕಲಿತ ಮೇಲೆ. ಮುಂದೆ ಯಾವತ್ತಾದರೂ ಸೈಟ್ ಕೊಂಡರೆ ಕನ್ವರ್ಷನ್ ಆದೇಶ, ಮಂಜೂರಾದ ನಕ್ಷೆ, ಇ-ಖಾತೆ (ಆಸ್ತಿಯ ಆನ್‌ಲೈನ್ ಖಾತೆ ದಾಖಲೆ) ಮೂರೂ ಕೇಳಿ. ಪಂಚಾಯಿತಿ ಸೈಟಾದರೆ ಪಂಚಾಯಿತಿ ಕೊಡುವ ಆಸ್ತಿ ದಾಖಲೆಗಳಾದ ಫಾರಂ 9 ಜೊತೆ 11ಎ ಇರಬೇಕು. ಅನಧಿಕೃತ ಸೈಟಿಗೆ ಕೊಡುವ 11ಬಿ ತೋರಿಸಿದರೆ ಎದ್ದು ಬನ್ನಿ.

ಅಪ್ಪನಿಗೆ ಹೇಗೆ ಹೇಳೋದು ಅಂತೀರಾ? ಹೋದ ವರ್ಷ ನಮ್ಮಪ್ಪನ ಹಳೇ ಸಂಬಳದ ಚೀಟಿ ಸಿಕ್ಕಿತು. ಕ್ಯಾಲೆಂಡರಿನ ಹಿಂದೆ ಅವರ ಸಂಬಳ, ಅವರ ಸೈಟಿನ ಬೆಲೆ, ಪಕ್ಕದಲ್ಲಿ ನನ್ನ ಸಂಬಳ, ಈಗ ಅದೇ ಬೀದಿಯ ಸೈಟಿನ ಬೆಲೆ ಬರೆದೆ. ಅವರು ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. "ನಿನ್ನ ಜಾಗದಲ್ಲಿ ನಾನಿದ್ರೂ ಆಗ್ತಿರಲಿಲ್ಲ ಬಿಡಪ್ಪ" ಅಂದರು. ನೀವೂ ಬರೆದು ತೋರಿಸಿ. 10,000 ಟೋಕನ್ ಕೊಟ್ಟಾಗಿದೆ ಅಂದಿರಲ್ಲ, ಅಗ್ರಿಮೆಂಟಿಗೆ ಸಹಿ ಹಾಕುವ ಮೊದಲೇ ಅದನ್ನು ವಾಪಸ್ ಕೇಳಿ. ಕೊಡದಿದ್ದರೂ ಪರವಾಗಿಲ್ಲ, ಅಷ್ಟಕ್ಕೇ ನಿಲ್ಲಿಸಿ.