ಕೊಲೆ ಮಾಡಿ ಆತ್ಮಹತ್ಯೆ ಅಂತ ತೋರಿಸಲು ಹೋದವರು ಎಲ್ಲಿ ಸಿಕ್ಕಿಬೀಳುತ್ತಾರೆ?

ಪತ್ತೇದಾರಿ ಕಥೆಗೆ ಬೇಕು ಅಂದಿದ್ದೀರಿ. ನಾನು ದಾವಣಗೆರೆಯಲ್ಲಿ ಸ್ಟುಡಿಯೋ ಇಟ್ಟಿದ್ದವನು, ರೀಲ್ ಕ್ಯಾಮೆರಾ ಕಾಲದಲ್ಲಿ. ಮದುವೆ, ನಾಮಕರಣದ ನಡುವೆ ಠಾಣೆಯಿಂದಲೂ ಕರೆ ಬರುತ್ತಿತ್ತು: 'ಮಹಜರ್ ಇದೆ, ಕ್ಯಾಮೆರಾ ತಗೊಂಡು ಬಾರಪ್ಪ.'

ಹಾಗೊಮ್ಮೆ ಹರಿಹರದ ಕಡೆಯ ಹಳ್ಳಿಗೆ ಹೋದೆ. ಹೆಂಡತಿ ಅಡುಗೆಮನೆ ತೊಲೆಗೆ ನೇಣು ಹಾಕಿಕೊಂಡಳು, ಅರ್ಧ ಗಂಟೆ ಹಿಂದೆ ನೋಡಿ ನಾನೇ ಇಳಿಸಿದೆ ಅಂತ ಗಂಡ ಅಳುತ್ತಿದ್ದ. ಹೆಣ ಚಾಪೆ ಮೇಲಿತ್ತು. ಯಾರೋ ಪುಣ್ಯಾತ್ಗಿತ್ತಿ ಮುಖ ಒರೆಸಿದ್ದಳು. ಜೀವ ಇದ್ದಾಗ ನೇಣು ಬಿದ್ದರೆ ಬಾಯಿಯ ಒಂದು ಕಡೆಯಿಂದ ಜೊಲ್ಲು ಇಳಿದಿರುವುದುಂಟು. ಇತ್ತೋ ಇಲ್ಲವೋ, ಒರೆಸಿದ ಮೇಲೆ ಏನು ನೋಡುವುದು?

ಉಳಿದಿದ್ದೇ ಸಾಕಿತ್ತು. ನೇಣಿನ ಗುರುತು ಸಾಮಾನ್ಯವಾಗಿ ಗದ್ದದ ಕೆಳಗೇ ಇದ್ದು, ಗಂಟಿನ ಕಡೆಗೆ ಓರೆಯಾಗಿ ಏರುತ್ತದೆ. ಇಲ್ಲಿ ಕುತ್ತಿಗೆ ಸುತ್ತ ಅಡ್ಡಕ್ಕೆ, ಬಳೆ ಹಾಗೆ ಪೂರ್ತಿ ಕೂತಿತ್ತು. ಹೆಣ ನೇತಾಡುತ್ತಿದ್ದರೆ ರಕ್ತ ಕಾಲಿಗೆ, ಕೈಗೆ ಇಳಿಯುತ್ತದೆ. ಇಲ್ಲಿ ಬೆನ್ನೆಲ್ಲ ನೇರಳೆ. ಅಂದರೆ ಗಂಟೆಗಟ್ಟಲೆ ಅಂಗಾತ ಬಿದ್ದಿದ್ದ ಹೆಣ.

ನಾನು ಏಣಿ ಹತ್ತಿದೆ. ಹಗ್ಗ ಹಾಕಿದ್ದಳು ಅಂದ ಜಾಗದಲ್ಲಿ ವರ್ಷಗಳ ಒಲೆ ಮಸಿ ಒಂಚೂರೂ ಉಜ್ಜಿರಲಿಲ್ಲ. ಖುಷಿಯಿಂದ ತೀರಾ ಹತ್ತಿರದಿಂದ ಕ್ಲಿಕ್ ಮಾಡಿದೆ. ಮರದ ಗೆರೆ ಕೂಡ ಕಾಣುವಂಥ ಫೋಟೋ.

ಕೋರ್ಟಿನಲ್ಲಿ ಎದುರು ವಕೀಲರು ಅದನ್ನೇ ಎತ್ತಿಕೊಂಡರು: 'ಇದು ಯಾವ ಮನೆ ತೊಲೆ, ಸ್ವಾಮಿ?'

ಉತ್ತರ ಇರಲಿಲ್ಲ. ಫೋಟೋ ತೆಗೆಯಲು ಒಂದು ಕ್ರಮ ಇದೆ: ಮೊದಲು ಬಾಗಿಲಿನಿಂದ ಇಡೀ ಕೋಣೆ. ಆಮೇಲೆ ಒಲೆ, ಗೋಡೆಗೂಡು ಸಮೇತ ತೊಲೆ. ಆಮೇಲೆ ಹತ್ತಿರದ್ದು. ಕೊನೆಗೆ ಅದನ್ನೇ ಪಕ್ಕದಲ್ಲಿ ಸ್ಕೇಲ್ ಇಟ್ಟು. ಒಂದರಲ್ಲಿ ಕಂಡ ವಸ್ತು ಮುಂದಿನದರಲ್ಲೂ ಕಾಣಬೇಕು. ನಾನು ರೀಲ್ ಉಳಿಸಲು ಹೋಗಿ ನಡುವಿನದನ್ನು ಬಿಟ್ಟಿದ್ದೆ. ಮಹಜರಿನಲ್ಲೂ ಮಸಿಯ ಸುದ್ದಿ ಬರೆದಿರಲಿಲ್ಲ. ಅಷ್ಟರಲ್ಲಿ ಆ ಮನೆಗೆ ಸುಣ್ಣ ಹೊಡೆದು, ತೊಲೆಗೆ ಬಣ್ಣವನ್ನೂ ಬಳಿದಾಗಿತ್ತು. ಪೋಸ್ಟ್‌ಮಾರ್ಟಂ ವರದಿ ಗಟ್ಟಿ ಇದ್ದುದರಿಂದ ಕೇಸು ನಿಂತಿತು, ಠಾಣೆಯಿಂದ ನನಗೆ ಕರೆ ಬರುವುದು ನಿಂತಿತು.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಅಷ್ಟು ಹಿಡಿಸಲಿಲ್ಲ. ಕೊಲೆಗಾರ ಎಡವುವುದು ದೊಡ್ಡ ವಿಷಯವೇ ಅಲ್ಲ. ಗಾಬರಿಯಲ್ಲಿ ಕಣ್ಣಿಗೆ ಕಾಣುವುದನ್ನಷ್ಟೇ ಜೋಡಿಸುತ್ತಾನೆ, ಹೆಣದೊಳಗೆ ರಕ್ತ ಎತ್ತ ಇಳಿಯುತ್ತದೆ ಅಂತ ಅವನಿಗೇನು ಗೊತ್ತು? ಆಮೇಲೆ ಬಂದವರು ಏನು ಕೆಡಿಸಿದರು, ಅದನ್ನು ಬರೆಯಿರಿ. ಮುಖ ಒರೆಸಿದವಳು ನಿಮ್ಮ ಕಥೆಯಲ್ಲಿ ಇರಲೇಬೇಕು. ಬುದ್ಧಿವಂತ ಹಂತಕನನ್ನು ಸುಮ್ನೆ ಬಿಟ್ಟುಬಿಡಿ, ಅಂಥವನನ್ನು ನಾನಂತೂ ನೋಡಿಲ್ಲ.

ಕಥೆ ಯಾವ ವರ್ಷದ್ದು ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ, 7 ವರ್ಷ ಅಥವಾ ಜಾಸ್ತಿ ಶಿಕ್ಷೆಯ ಅಪರಾಧಕ್ಕೆ ಫೊರೆನ್ಸಿಕ್ ತಜ್ಞರೇ ಸ್ಥಳಕ್ಕೆ ಬಂದು, ವಿಡಿಯೋ ಮಾಡಿಸಬೇಕು. ಅದನ್ನು ಶುರು ಮಾಡಲು ರಾಜ್ಯಗಳಿಗೆ 5 ವರ್ಷ ಕೊಟ್ಟಿದ್ದಾರೆ. ಹಳೇ ಕಾಲದ ಕಥೆಯಾದರೆ ನನ್ನಂಥ ಮದುವೆ ಫೋಟೋಗ್ರಾಫರ್ ಒಬ್ಬನನ್ನು ಏಣಿ ಹತ್ತಿಸಿ.